ಹಗ್ಗದ ಮೇಲಿನ ಸೀರೆಗಳು

ಮೊನ್ನೆ ಸಾಂತಾಕ್ರೂಜ್‌ನಿಂದ ಮಗಳ ಫೋನು ಬಂತು. ಹೊಸ ಫ್ಲ್ಯಾಟಿನ ಹಾಲ್‌ನಲ್ಲಿ ಒಂದು ಗೋಡೆ ಖಾಲಿ ಇದೆಯಂತೆ, ಅಲ್ಲಿ ತೂಗುಹಾಕಲು ಅಜ್ಜಿಯ ಹಳೆ ಸೀರೆಗಳ ಕೌದಿ ಬೇಕಂತೆ. ಹೊದೆಯುವುದನ್ನು ಗೋಡೆಗೆ ಹೊಡೆಯುವ ಕಾಲ ಬಂದಿದೆ. ನಾಳೆ ಲಟ್ಟಣಿಗೆಗೂ ಫ್ರೇಮು ಹಾಕಿಸಿಯಾರು. ಬಯ್ಯಬೇಕೆಂದುಕೊಂಡೆ, ಬಯ್ಯಲಿಲ್ಲ. ಕಪಾಟಿನ ಮೇಲಿದ್ದ ಟ್ರಂಕು ಇಳಿಸಿ ಮುಚ್ಚಳ ತೆಗೆದೆ. ಮಳೆಗಾಲದ ಮುಗ್ಗಲು ವಾಸನೆ, ಅದರೊಳಗೆ ಸಣ್ಣಗೆ ಓಮಕಾಳಿನ ಹೊಗೆಯ ವಾಸನೆ... ಇಷ್ಟು ವರ್ಷವಾದರೂ ಆ ಹೊಗೆ ಬಟ್ಟೆಯನ್ನು ಬಿಟ್ಟಿಲ್ಲ. ಅದರ ಹಿಂದೆಯೇ ಅವಳೂ ಬಂದಳು, ಕೌದಿ ಅಂಗಡಿಯವಳು. ಕರೆಯದೆ ಬರುವುದು ಅವಳಿಗೆ ಮೊದಲಿನಿಂದಲೂ ಅಭ್ಯಾಸ.

ಕಾಂದಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಎದುರಿಗೆ, ಒಂಟಿ ಕೋಣೆಗಳ ಚಾಳಿನ ಬಾಗಿಲಲ್ಲೇ ಅವಳ ಅಂಗಡಿ ಇತ್ತು. ಚಳಿಯೇ ಬೀಳದ ಊರಿನಲ್ಲಿ ಕೌದಿಯ ಅಂಗಡಿ! ದುಡ್ಡಿದ್ದವರು ಎಸಿ ಹಾಕಿ ಚಳಿ ತರಿಸಿಕೊಳ್ಳುತ್ತಾರೆ, ಆಮೇಲೆ ಚಳಿಯಾಯಿತೆಂದು ಕೌದಿ ಹೊದೆಯುತ್ತಾರೆ. ಇಂಥವರ ಮೇಲೆಯೇ ಅವಳ ವ್ಯಾಪಾರ ನಿಂತಿತ್ತು. ಅವಳೂ ನಮ್ಮ ಬಾಗಲಕೋಟೆ ಕಡೆಯವಳೇ, ಅದಕ್ಕೇ ನನಗೆ ಹೆಚ್ಚು ನಾಚಿಕೆ. ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಬಂದವಳು, ಅವನು ಸತ್ತ ಮೇಲೆ, ಇದ್ದೊಬ್ಬ ಮಗನನ್ನು ಸಾಕಲು ಇಟ್ಟಿಗೆ ಬಿಟ್ಟು ಸೂಜಿ ಹಿಡಿದಳು. ಓಣಿಯ ಕನ್ನಡದವರು ಅವಳನ್ನು ಅಕ್ಕ ಎನ್ನುತ್ತಿದ್ದರು, ಮರಾಠಿಯವರು ಗೋಧಡಿವಾಲಿ ಎನ್ನುತ್ತಿದ್ದರು. ನಾನು ಏನೂ ಅನ್ನುತ್ತಿರಲಿಲ್ಲ. ಪರೇಲಿನ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವಳು ನಾನು. ‘ಇಲ್ಲೆ ನೋಡು’ ಎಂದರೆ ಅವಳಿಗೆ ಸಾಕು ಎಂದುಕೊಂಡಿದ್ದೆ.

ಅವಳ ಸುಳ್ಳುಗಳಿಗೆ ಲೆಕ್ಕವಿರಲಿಲ್ಲ. ಪಾನಿಪತ್ತಿನಿಂದ ಬಂದ ಮೆಷಿನ್ ಹೊಲಿಗೆಯ ರಜಾಯಿಯ ಅಂಚಿಗೆ ಎರಡು ಸಾಲು ಕೈಹೊಲಿಗೆ ಹಾಕಿಸಿ, “ಪೂರಾ ಹಾಥ್ ಕಾ ಕಾಮ್ ಹೈ, ಮೇಡಂ” ಎಂದು, ಎಲ್ಲ ಕೈಕೆಲಸವೆಂಬಂತೆ ಮಾರುತ್ತಿದ್ದಳು. ವರ್ಷವಿಡೀ ನೈಟಿಯ ಮೇಲೆ ಟವೆಲ್ಲು ಹೊದ್ದುಕೊಂಡು ಕೂರುವವಳು, ಹೋಟೆಲಿನ ಹಾಲ್‌ಗಳಲ್ಲಿ ಎಕ್ಸಿಬಿಷನ್ ಎಂದರೆ ಸಾಕು, ಇಳಕಲ್ ಸೀರೆ ಉಟ್ಟು, ದೊಡ್ಡ ನತ್ತು ಏರಿಸಿ, ನೆಲದ ಮೇಲೆ ಕಾಲು ಚಾಚಿ ಹೊಲಿಯುತ್ತಾ ಕೂತುಬಿಡುತ್ತಿದ್ದಳು. ಒಮ್ಮೆ ನಾನು ಕಣ್ಣಾರೆ ನೋಡಿದೆ. ಹಿಂದಿ ಚೆನ್ನಾಗಿ ಬರುತ್ತಿದ್ದರೂ ಅಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಅರ್ಥವಾಗದ ಮಾತಿಗೆ ಜನ ತಲೆದೂಗಿ ಎರಡೆರಡು ಕೊಳ್ಳುತ್ತಿದ್ದರು. ನಾನು ಗುರುತಿಲ್ಲದವಳ ಹಾಗೆ ಮುಖ ತಿರುಗಿಸಿ ಬಂದೆ.

ಆದರೆ ಕೆಲಸದಲ್ಲಿ ಗಟ್ಟಿಗಿತ್ತಿ, ಅದನ್ನು ಇಲ್ಲ ಎನ್ನಲಾರೆ. ಮಳೆಗಾಲ ಬಂತೆಂದರೆ ಉಳಿದ ಅಂಗಡಿಯವರು ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು, ಇವಳಿಗೆ ಅದೇ ಸುಗ್ಗಿ. ಮಳೆಗೆ ಕಟ್ಟಡದ ಕೆಲಸ ನಿಲ್ಲುತ್ತಿತ್ತು. ಇಟ್ಟಿಗೆ ಹೊರುತ್ತಿದ್ದ ನಮ್ಮ ಕಡೆಯ ಹೆಂಗಸರನ್ನೆಲ್ಲ ಚಾಳಿನ ವರಾಂಡದಲ್ಲಿ ಸಾಲಾಗಿ ಕೂರಿಸಿ ಹೊಲಿಸುತ್ತಿದ್ದಳು. ಮುಂದೆ ಗಣಪತಿ, ಅದರ ಬೆನ್ನಿಗೆ ನವರಾತ್ರಿ, ದೀಪಾವಳಿ, ಮದುವೆಗಳು, ಎಕ್ಸಿಬಿಷನ್‌ಗಳು... ಜೂನ್‌ನಲ್ಲಿ ಹಾಕಿದ ಹೊಲಿಗೆ ಅಕ್ಟೋಬರ್‌ನಲ್ಲಿ ಮಾರಾಟ. ಬಟ್ಟೆ ಮುಗ್ಗಬಾರದೆಂದು ಸಿಮೆಂಟು ಹೊರುವ ಘಮೇಲಾದಲ್ಲಿ ಕೆಂಡ ಹಾಕಿ, ಮೇಲೆ ಓಮಕಾಳು ಉದುರಿಸಿ, ಅಂಗಡಿಯ ತುಂಬ ಹೊಗೆ ಎಬ್ಬಿಸುತ್ತಿದ್ದಳು. ಅದು ಎರಡನೇ ಮಾಳಿಗೆಯ ನಮ್ಮ ಅಡುಗೆಮನೆಗೂ ಬರುತ್ತಿತ್ತು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ನಾಲ್ಕು ಕಾಳು ಜೋಳ ಇಡುವುದು ಅವಳ ಪದ್ಧತಿ. ಕೌದಿ ಹಸಿದಿರಬಾರದಂತೆ, ಹಸಿದರೆ ಹೊದ್ದವರ ನಿದ್ದೆ ತಿನ್ನುತ್ತದಂತೆ. ಇದನ್ನು ಕೇಳಿದಾಗಲೆಲ್ಲ ನಾನು ನಗುತ್ತಿದ್ದೆ.

ಅವ್ವ ಸತ್ತು ವರ್ಷವಾಗಿತ್ತು. ಅಪ್ಪನಿಗೆ ನಿದ್ದೆ ಬರುತ್ತಿರಲಿಲ್ಲ. ಪರೇಲಿನ ಗಿರಣಿಯಲ್ಲಿ ಮೂವತ್ತು ವರ್ಷ ನೂಲಿನ ನಡುವೆ ಬದುಕಿದವನು ಅವನು. ಬಟ್ಟೆ ಮುಟ್ಟಿದರೆ ಸಾಕು, ನೂಲಿನ ನಂಬರು ಹೇಳುತ್ತಿದ್ದ. ಆಗ ಕಣ್ಣಿಗೆ ಪೊರೆ ಬಂದಿತ್ತು, ಮಂಡಿ ಹೋಗಿತ್ತು, ಲಿಫ್ಟಿಲ್ಲದ ಬಿಲ್ಡಿಂಗಿನಿಂದ ಕೆಳಗಿಳಿದು ಎಷ್ಟೋ ತಿಂಗಳಾಗಿತ್ತು. ಅವ್ವನ ಸೀರೆಗಳನ್ನು ಕೊಟ್ಟು ಒಂದು ಕೌದಿ ಹೊಲಿಸು, ಅದನ್ನು ಹೊದ್ದರೆ ನಿದ್ದೆ ಬಂದೀತು ಎಂದು ಅವನು ಕೇಳಿದ್ದು ಅದೊಂದೇ. ನಾನು ಒಂದು ಬೆಳಿಗ್ಗೆ ಲೋಕಲ್ ಟ್ರೇನು ಹಿಡಿಯುವ ಅವಸರದಲ್ಲಿ ಅವ್ವನ ದಿನಬಳಕೆಯ ಐದೂ ಸೀರೆಗಳನ್ನು ಹಳೆಯ ಚಾದರದಲ್ಲಿ ಗಂಟು ಕಟ್ಟಿ, ಅಂಗಡಿಯ ಕಟ್ಟೆಯ ಮೇಲಿಟ್ಟು ಓಡಿದೆ. ಒಂದನ್ನಾದರೂ ಬಿಚ್ಚಿ ನೋಡಲಿಲ್ಲ.

ಆ ಆಗಸ್ಟಿನಲ್ಲಿ ಮೂರು ದಿನ ಮಳೆ ಹಿಡಿಯಿತು. ಗಣಪತಿಗೆ ಮುಂಚಿನ ಎಕ್ಸಿಬಿಷನ್ ಎಂದು ಅವಳು ಸಾಂತಾಕ್ರೂಜ್‌ನ ಹೋಟೆಲಿಗೆ ಹೋಗಿದ್ದಳು. ಲೋಕಲ್ ನಿಂತು ಅಲ್ಲೇ ಸಿಕ್ಕಿಹಾಕಿಕೊಂಡಳು. ಇಲ್ಲಿ ಅಂಗಡಿಯೊಳಗೆ ಮೊಣಕಾಲಿನ ತನಕ ನೀರು. ಬಾಗಿಲು ತೆಗೆದಾಗ ನೋಡಿದರೆ ಮೇಲಿನ ಅಟ್ಟದಲ್ಲಿ ಪಾನಿಪತ್ತಿನ ರಜಾಯಿಗಳು ಬೆಚ್ಚಗೆ ಮಲಗಿದ್ದವು. ಗಿರಾಕಿಗಳು ಕೊಟ್ಟಿದ್ದ ಸೀರೆಯ ಗಂಟುಗಳೆಲ್ಲ ಕೆಳಗೆ, ಕೆಸರಿನಲ್ಲಿ. ತನ್ನ ಸರಕನ್ನು ಮೇಲಿಟ್ಟು, ಮಂದಿಯ ಅವ್ವಂದಿರನ್ನು ನೆಲಕ್ಕೆ ಹಾಕಿದ್ದಳು. ಗಂಟಿಗೆ ಕಟ್ಟಿದ್ದ ಹೆಸರಿನ ಚೀಟಿಗಳ ಶಾಯಿ ತೊಳೆದುಹೋಗಿತ್ತು, ಗಂಟುಗಳು ಬಿಚ್ಚಿ ಸೀರೆಗಳೆಲ್ಲ ಒಂದಾಗಿದ್ದವು. ಅವಳಿಗೆ ನಾಲ್ಕು ಮಾತು ಬಯ್ಯಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಬೇಕಿರಲಿಲ್ಲ.

ಭಾನುವಾರ ಮಳೆ ಸ್ವಲ್ಪ ಬಿಟ್ಟಿತು. ಅಷ್ಟರಲ್ಲಿ ಅವಳು ಸೀರೆಗಳನ್ನೆಲ್ಲ ಒಗೆಸಿ, ಚಾಳಿನ ಅಂಗಳಕ್ಕೆ ಅಡ್ಡಡ್ಡ ಹಗ್ಗ ಕಟ್ಟಿ ಹರವಿದ್ದಳು. ಅರವತ್ತೋ ಎಪ್ಪತ್ತೋ ಇದ್ದವು. ಗಿರಾಕಿಗಳಿಗೆಲ್ಲ ಫೋನು ಮಾಡಿ ಕರೆಸಿದ್ದಳು. ತಪ್ಪಾಯಿತು ಎಂದು ಕೈ ಮುಗಿಯುತ್ತಾಳೆಂದು ನಾನು ಕಾದಿದ್ದೆ. ಅವಳು ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಳು.

“ತಪ್ಪು ನಂದ ಐತ್ರಿ. ಬಯ್ಯೋದು ಆಮ್ಯಾಲೆ ಬಯ್ರಿ. ಮೊದಲ ನಿಮ್ಮ ನಿಮ್ಮ ಅವ್ವಂದು ಗುರ್ತ ಹಿಡದು ತಗೋರ್ರಿ.”

ಕಾರಿನಲ್ಲಿ ಬಂದವರು, ಲೋಕಲ್‌ನಲ್ಲಿ ಬಂದವರು, ಎಲ್ಲರೂ ಒದ್ದೆ ಸೀರೆಗಳ ನಡುವೆ ಪಿಳಿಪಿಳಿ ಕಣ್ಣು ಬಿಡುತ್ತಾ ನಿಂತೆವು. ನಮ್ಮ ಕಡೆಯ ಹೆಂಗಸರೆಲ್ಲ ಮನೆಯಲ್ಲಿ ಉಡುತ್ತಿದ್ದದ್ದು ಅದೇ ನೂಲಿನ ಸೀರೆ, ಅದೇ ನಾಲ್ಕಾರು ಬಣ್ಣ. ನೀರಿನಲ್ಲಿ ಆ ಬಣ್ಣವೂ ಒಂದಕ್ಕೊಂದು ಹತ್ತಿಕೊಂಡಿತ್ತು. ಒಬ್ಬ ದೊಡ್ಡ ಮನುಷ್ಯ ಊರಿನಲ್ಲಿದ್ದ ಅಕ್ಕನಿಗೆ ವಿಡಿಯೊ ಕಾಲ್ ಹಚ್ಚಿ ಒಂದೊಂದೇ ಸೀರೆ ತೋರಿಸಿದ. ಅವಳಿಗೂ ತಿಳಿಯಲಿಲ್ಲ. ಇಬ್ಬರು ಹೆಂಗಸರು ಒಂದೇ ಸೀರೆಯ ಎರಡು ತುದಿ ಹಿಡಿದು ಜಗ್ಗಾಡಿದರು, ಅದು ಎಲ್ಲಕ್ಕಿಂತ ಕಡಿಮೆ ಮಾಸಿದ್ದು. ಉಳಿದವರು ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ ಆರಿಸತೊಡಗಿದರು. ಮದರ್ಸ್ ಡೇ ಬಂದರೆ ಇವರೇ ಸ್ಟೇಟಸ್ ಹಾಕುವವರು ಎಂದು ನನಗೆ ಅಸಹ್ಯವಾಯಿತು.

“ಬಣ್ಣ ನೋಡಬ್ಯಾಡ್ರಿ, ಬಣ್ಣ ನೀರಾಗ ಹೋಗೈತಿ,” ಎಂದಳು ಅವಳು. “ಸವದದ್ದು ನೋಡ್ರಿ.”

ಆಮೇಲೆ ಹಗ್ಗದಿಂದ ಹಗ್ಗಕ್ಕೆ ನಡೆಯುತ್ತಾ, ತಾನು ಮುಖವನ್ನೇ ನೋಡದ ಹೆಂಗಸರ ಸುದ್ದಿ ಹೇಳತೊಡಗಿದಳು. ಇವಳು ಸೊಂಟಕ್ಕೆ ಕೀಲಿಗೊಂಚಲು ಸಿಗಿಸುತ್ತಿದ್ದಳು, ಇಲ್ಲಿ ತೂತು ಬಿದ್ದಿದೆ. ಇವಳು ಒಲೆಯ ಮುಂದೆ ಆಯುಷ್ಯ ಕಳೆದವಳು, ನಿರಿಗೆಯ ತುಂಬ ಕಿಡಿಯ ಗುರುತು. ಇವಳದು ಗಡಿಬಿಡಿಯ ನಡಿಗೆ, ಹಿಮ್ಮಡಿಯ ಹತ್ತಿರ ಅಂಚು ಹರಿದಿದೆ. ಕೆಲವರು ಅಳತೊಡಗಿದರು, ಕೆಲವರಿಗೆ ಗುರುತು ಹತ್ತಿತು. ಬಹಳ ಮಂದಿ ತಲೆ ತಗ್ಗಿಸಿದರು. ನನಗೆ ಮಾತ್ರ ಸಿಟ್ಟು ಬಂತು. ಇವರ ಸಾಲಿನಲ್ಲಿ ಒಬ್ಬಳಾಗಿ ನಿಲ್ಲಲು ನಾನು ಸಿದ್ಧಳಿರಲಿಲ್ಲ. ಮುಂದೆ ಹೋಗಿ, ಒಂದು ಕ್ಷಣವೂ ಯೋಚಿಸದವಳ ಹಾಗೆ ಐದು ಸೀರೆ ಎಳೆದು ತೋಳಿನ ಮೇಲೆ ಹಾಕಿಕೊಂಡೆ.

ಅವಳು ಆ ಐದನ್ನೂ ನೋಡಿದಳು, ನನ್ನನ್ನೂ ನೋಡಿದಳು. ಗಂಟು ಬಂದ ದಿನ ಬಿಚ್ಚಿ ನೋಡಿದ್ದು ನೆನಪಿತ್ತೋ ಏನೋ, ಪಕ್ಕದ ಹಗ್ಗದಿಂದ ಒಂದು ಹಸಿರು ಸೀರೆಯ ಸೆರಗು ಎತ್ತಿ ಹಿಡಿದಳು. ಅದರ ಅಂಚು ನೂಲು ನೂಲಾಗಿ ಜಗಿದುಹೋಗಿತ್ತು.

“ನಿಮ್ಮವ್ವ ಸೆರಗು ಕಚ್ಚತಿದ್ಲೇನ್ರಿ, ಅಕ್ಕಾರ?”

“ನಮ್ಮವ್ವ ಏನ್ ಆಕಳೇನು, ಸೀರಿ ಮೇಯಾಕ?”

ವರಾಂಡದಲ್ಲಿ ಹೊಲಿಯುತ್ತಿದ್ದ ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ನನಗೆ ಗೆದ್ದಂತಾಯಿತು. ಅವಳು ಮಾತ್ರ ನಗಲಿಲ್ಲ. “ಆತ್ರಿ. ನಿಮ್ಮವ್ವ, ನಿಮಗ ಗೊತ್ತು,” ಎಂದು ಸೆರಗು ಕೈಬಿಟ್ಟಳು.

ಗಣಪತಿಯ ಮುಂಚೆಯೇ ಕೌದಿ ಬಂತು. ಅಪ್ಪ ಅದನ್ನು ತೊಡೆಯ ಮೇಲೆ ಹರವಿಕೊಂಡು ಬೆರಳಾಡಿಸಿದ. ಒಂದು ತುಂಡು, ಇನ್ನೊಂದು ತುಂಡು, ಈ ಅಂಚು, ಆ ಅಂಚು... ಬಹಳ ಹೊತ್ತು ಹುಡುಕಿದ.

“ಹಸರ ಸೀರಿ ಎಲ್ಲೈತಿ?” ಎಂದ. “ಸೆರಗು ಕಚ್ಚಿದ್ದು?”

ನಾನು ಕೌದಿಯ ಮಡಿಕೆ ಸರಿಪಡಿಸತೊಡಗಿದೆ.

“ಹೊಟ್ಟಿ ಬ್ಯಾನಿ ಎದ್ದಾಗ ಅದನ್ನ ಬಾಯಾಗ ತುರಕೊಂಡ ಮಲಗ್ತಿದ್ಲಲ್ಲ, ಮೂರು ವರ್ಷ. ನೀ ಮುಂಜಾನೆ ಲೋಕಲ್ ಹಿಡೀಬೇಕು, ನರಳಿದ್ರ ನಿನ್ನ ನಿದ್ದಿ ಕೆಡತೈತಿ ಅಂತ. ನಿಂಗ ಗೊತ್ತಿಲ್ಲೇನು?”

ಗೊತ್ತಿರಲಿಲ್ಲ. ಒಂದೇ ಮನೆ, ನಡುವೆ ಒಂದು ಪರದೆ. ಮೂರು ವರ್ಷ ನಾನು ಗಡದ್ದಾಗಿ ನಿದ್ದೆ ಮಾಡಿದ್ದೆ. ಅಪ್ಪ “ಇರ್ಲಿ ಬಿಡು, ಇದೂ ಯಾರದರ ಅವ್ವಂದ ಐತಿ,” ಎಂದು ಕೌದಿ ಎಳೆದುಕೊಂಡ. ಅವನಿಗೆ ಅದರ ಕೆಳಗೆ ನಿದ್ದೆಯೂ ಬಂತು, ಮುಂದಿನ ಎರಡು ವರ್ಷ, ಸಾಯುವ ತನಕ. ಆ ನಿದ್ದೆಯನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ಮರುದಿನವೇ ಅಂಗಡಿಗೆ ಹೋಗಿ, ನನ್ನದು ತಪ್ಪಾಯಿತು, ಆ ಹಸಿರು ಸೀರೆ ಕೊಡು ಎನ್ನಬಹುದಿತ್ತು. ಹೋಗಲಿಲ್ಲ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಬದಲಿಗೆ ಬಿಲ್ಡಿಂಗಿನ ತುಂಬ, ಆಫೀಸಿನ ತುಂಬ ಅವಳ ಸುದ್ದಿ ಹೇಳಿದೆ. ಮೆಷಿನ್ ಮಾಲಿಗೆ ಕೈಕೆಲಸ ಎನ್ನುತ್ತಾಳೆ, ಸತ್ತವರ ಸೀರೆ ಕಲಬೆರಕೆ ಮಾಡುತ್ತಾಳೆ ಎಂದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೆಲವು ಗಿರಾಕಿಗಳು ಬಿಟ್ಟುಹೋದರು. ಅವಳು ಒಂದು ದಿನವೂ ಅದನ್ನು ಕೇಳಲಿಲ್ಲ.

ಅಂದು ಯಾರೂ ಕೊಂಡೊಯ್ಯದೆ ಉಳಿದ ಸೀರೆಗಳನ್ನು ಸೇರಿಸಿ ಅವಳು ತನಗೊಂದು ಕೌದಿ ಹೊಲಿದುಕೊಂಡಳು. ಅಂಗಡಿಯ ಮಂಚದ ಮೇಲೆ ರಾತ್ರಿ ಅದೇ ಹಾಸಿಗೆ, ಹಗಲು ಅದೇ ಗಾದಿ. ಹರಿದ ಅಂಚನ್ನು ಕತ್ತರಿಸಿ ಎಸೆಯುವುದು ಅವಳ ಪದ್ಧತಿ. ಆ ಹಸಿರು ಸೆರಗನ್ನು ಮಾತ್ರ ಕತ್ತರಿಸಿರಲಿಲ್ಲ. ಜಗಿದ ಅಂಚು ಹೊರಗೇ ಕಾಣುವ ಹಾಗೆ, ರಸ್ತೆಯ ಕಡೆಗೆ ಇಟ್ಟು ಹೊಲಿದಿದ್ದಳು. ಸ್ಟೇಷನ್‌ಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ದಿನಕ್ಕೆ ಎರಡು ಸಲ ಅದು ನನ್ನ ಕಣ್ಣಿಗೆ ಬೀಳುತ್ತಿತ್ತು. ಒಂದು ಸಂಜೆ ಮಳೆ ಜೋರಾಗಿ ಅವಳ ಅಂಗಡಿಯ ತಗಡಿನ ಕೆಳಗೆ ನಿಲ್ಲಬೇಕಾಯಿತು. ಅವಳು ನನ್ನ ಕಡೆ ನೋಡದೆ, ಸೂಜಿಗೆ ದಾರ ಪೋಣಿಸುತ್ತಾ ಮಾತಾಡಿದಳು.

“ಇದರಾಗ ಯಾರಿಗರ ತಮ್ಮದೇನರ ಕಂಡ್ರ ಬಿಚ್ಚಿ ಕೊಡ್ತೀನಿ. ಹೊಲಿಯೋ ಕೈಗೆ ಬಿಚ್ಚಾಕೂ ಬರ್ತೈತಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬಾರದು ಎಂದು ನಾನು ಗಟ್ಟಿಯಾಗಿ ನಿಂತೆ. ಆಮೇಲೆ ಕೊಡೆ ಬಿಚ್ಚಿ, ಆ ಸುರಿಮಳೆಯಲ್ಲೇ ರಸ್ತೆ ದಾಟಿದೆ. ಹೀಗೇ ಆರು ವರ್ಷ.

ಆರನೇ ವರ್ಷದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಎಕ್ಸಿಬಿಷನ್ ಹತ್ತಿರ ಬಂದಿತ್ತು, ವರಾಂಡದ ತುಂಬ ಹೊಲಿಗೆ ನಡೆದಿತ್ತು. ಮಂಚದ ಮೇಲೆ ಮಲಗಿಯೇ ಇದಕ್ಕೆ ಆ ಬಣ್ಣ, ಅದಕ್ಕೆ ಈ ಅಂಚು ಎಂದು ಹೇಳುತ್ತಿದ್ದಳಂತೆ. ನಾಲ್ಕನೇ ದಿನ ಹೋಗಿಬಿಟ್ಟಳು. ಓಣಿಯ ಜನವೆಲ್ಲ ಸೇರಿದರು, ನಾನೂ ಕೊಡೆ ಹಿಡಿದು ಇಳಿದೆ. ಹೆಣವನ್ನು ವ್ಯಾನಿಗೆ ಏರಿಸಿದ ಮೇಲೆ ಹಿರಿಯಳೊಬ್ಬಳು, ಸತ್ತವರು ಮಲಗಿದ್ದ ಹಾಸಿಗೆ ಮನೆಯಲ್ಲಿ ಇಡಬಾರದು ಎಂದಳು. ಅಂಗಡಿಯವಳ ಮಗ ಕೌದಿಯನ್ನು ಸುತ್ತಿ, ಹಗ್ಗ ಬಿಗಿದು, ತಾಯಿಯ ಕಾಲಿನ ಹತ್ತಿರ ಇಟ್ಟ. ಸುರುಳಿಯ ತುದಿಯಲ್ಲಿ ಹಸಿರು ಸೆರಗು ಇಳಿಬಿದ್ದಿತ್ತು. ನನಗೂ ಅದಕ್ಕೂ ನಡುವೆ ಎರಡು ಮಾರು ದೂರ. ಹೊಲಿಯುವ ಹೆಂಗಸರು ಪಕ್ಕದಲ್ಲೇ ಇದ್ದರು, ಒಬ್ಬಳ ಸೊಂಟದಲ್ಲಿ ಕತ್ತರಿಯೂ ಇತ್ತು. ಒಂದು ಗೇಣು ಕತ್ತರಿಸಿ ಕೊಡಪ್ಪ, ಅದು ನಮ್ಮವ್ವನದು ಎಂದರೆ ಆಗಿಹೋಗುತ್ತಿತ್ತು. ಆದರೆ ಅಂದು ಆಕಳು ಎಂದಾಗ ನಕ್ಕವರೂ ಇದೇ ಹೆಂಗಸರು. ನಾನು ಕೊಡೆಯನ್ನು ಇನ್ನಷ್ಟು ಕೆಳಕ್ಕೆ ಇಳಿಸಿಕೊಂಡೆ. ಯಾರೋ ವ್ಯಾನಿನ ಬಾಗಿಲು ಹಾಕಿದರು.

ಜೀವಮಾನವಿಡೀ ನಾನು ಅವಳನ್ನು ಸುಳ್ಳಿ ಎಂದೆ. ಮಾಳಿಗೆ ಇಳಿಯದ ನಮ್ಮವ್ವನನ್ನು ಒಂದು ದಿನವೂ ಕಾಣದೆ, ಜಗಿದ ಸೆರಗಿನಿಂದಲೇ ಗುರುತು ಹಿಡಿದಿದ್ದವಳು ಅವಳೊಬ್ಬಳೇ. ಈಗ ಅವಳೂ ಇಲ್ಲ, ಸೀರೆಯೂ ಇಲ್ಲ. ಅಂಗಡಿಯ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಾರೆ.

ನಿನ್ನೆ ಮಗಳು ಬಂದಳು. ಕೌದಿಯನ್ನು ಹಾಸಿಗೆಯ ಮೇಲೆ ಹರವಿ, ಮುಖವಿಟ್ಟು ಮೂಸಿ ನೋಡಿದಳು. “ಮಮ್ಮಿ, ಅಜ್ಜಿ ಸ್ಮೆಲ್ ಅಬ್ ಭೀ ಇದೆ, ಯಾರ್!” ಎಂದಳು. ಅದು ಘಮೇಲಾದ ಹೊಗೆ ಎಂದು ನಾನು ಹೇಳಲಿಲ್ಲ. ಮೂಲೆಯಲ್ಲಿ ಬೆರಳಿಗೆ ಏನೋ ಗಟ್ಟಿಯಾಗಿ ಸಿಕ್ಕಿತು, ಏನಿದು ಎಂದು ಕೇಳಿದಳು. ಜೋಳ, ಎಂದೆ. ಯಾರದೋ ಅವ್ವನ ಸೀರೆಗೂ ಅವಳು ಹೊಟ್ಟೆ ತುಂಬಿಸಿಯೇ ಕಳಿಸಿದ್ದಳು.

“ಇದರಲ್ಲಿ ಅಜ್ಜಿದು ಫೇವರಿಟ್ ಸಾಡಿ ಯಾವ್ದು?”

ಅಂದಿನ ಹಾಗೆಯೇ, ಒಂದು ಕ್ಷಣವೂ ಯೋಚಿಸದವಳ ಹಾಗೆ, ನಾನು ಒಂದು ತುಂಡಿನ ಮೇಲೆ ಬೆರಳಿಟ್ಟೆ. ಮಗಳು ಅದರ ಫೋಟೊ ತೆಗೆದುಕೊಂಡಳು.