ಮೆಣಸಿನಕಾಯಿ ಘಾಟಿನ ಮಟ್ಟು

ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರುಗಳು ಶುದ್ಧ ಜಿಪುಣರು. ನಾನೂ ಅದೇ ಕಸುಬಿನವನು, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ಹಾಡಿನ ಧಾಟಿಗೆ ನಾವು ಮಟ್ಟು ಅನ್ನುತ್ತೇವೆ. ಎಲ್ಲ ಮಟ್ಟುಗಳನ್ನೂ ಯಾರಿಗೂ ಬಿಟ್ಟುಕೊಡುವುದಿಲ್ಲ. ಮುಂದಿನ ವರ್ಷವೂ ಊರಿನವರು ನಮ್ಮನ್ನೇ ಕರೆಯಬೇಕಲ್ಲ! ನನ್ನ ಗುರುಗಳಂತೂ ಒಂದೇ ಒಂದು ಮಟ್ಟಿಗೆ ನನ್ನಿಂದ ಮೂರು ವರ್ಷ ಹಾರ್ಮೋನಿಯಂ ಪೆಟ್ಟಿಗೆ ಹೊರಿಸಿದರು. ಆ ಸಿಟ್ಟು ಹೊಟ್ಟೆಯಲ್ಲಿ ಹಾಗೇ ಇತ್ತು. ಕೊರಟಗೆರೆಯ ನಮ್ಮ ಮನೆಗೆ ಒಳ್ಳೆಯ ಫೋನು ಬಂದದ್ದೇ ತಡ, ನಾನು ಕಟ್ಟಿದ ಮಟ್ಟುಗಳನ್ನೆಲ್ಲ ಒಂದು ಸಲ ಹಾಡಿ, ಇನ್ನೊಂದು ಸಲ ಬರೀ ಹಾರ್ಮೋನಿಯಂ ನುಡಿಸಿ, ಟ್ರ್ಯಾಕ್ ಮಾಡಿ ಇಂಟರ್‌ನೆಟ್ಟಿಗೆ ಬಿಟ್ಟುಬಿಟ್ಟೆ. ಪುಕ್ಕಟೆ. ನನ್ನ ಹೆಸರಿಲ್ಲ, ಮುಖವಿಲ್ಲ, ಪೆಟ್ಟಿಗೆಯ ಫೋಟೋ ಮಾತ್ರ. ಪ್ರತಿ ಟ್ರ್ಯಾಕಿನ ಮೊದಲಿಗೆ "ಹ್ಞಾ, ಎತ್ಕೊ!" ಅಂತ ನನ್ನದೊಂದು ಕೂಗು.

ರೆಕಾರ್ಡಿಂಗ್ ನಡೆದದ್ದು ಅಡುಗೆಮನೆ ಪಕ್ಕದ ಕೋಣೆಯಲ್ಲಿ. ಗದೆ ಹೊತ್ತ ರಾಜನ ಪ್ರವೇಶದ ಹಾಡು ಮೂರನೇ ಸಾಲಿಗೆ ಬಂದಿತ್ತು, ನನ್ನ ಹೆಂಡತಿ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯತೊಡಗಿದಳು. ಘಾಟು ನೇರ ಗಂಟಲಿಗೇ ಹೊಡೆಯಿತು. ಒತ್ತಿದ ಸ್ವರ ಬಿಡದೆ ಎರಡು ಸಲ ಜೋರಾಗಿ ಕೆಮ್ಮಿ ಹಾಡು ಮುಂದುವರಿಸಿದೆ. ಇನ್ನೊಂದು ಸಲ ಮಾಡಲಾ ಅಂತ ಕೇಳಿದರೆ, "ಮಾಡ್ಕಳಿ, ಇನ್ನೂ ಅರ್ಧ ಸೇರು ಮೆಣಸಿನಕಾಯಿ ಐತೆ" ಅಂದಳು. ಹಾಳಾಗಲಿ ಅಂತ ಹಾಗೇ ಬಿಟ್ಟೆ.

ಮುಂದಿನ ಸುಗ್ಗಿ ಕಳೆದರೂ ನಾಟಕ ಕಲಿಸಲು ಯಾವ ಊರಿನವರೂ ನನ್ನನ್ನು ಕರೆಯಲಿಲ್ಲ. ಶಿರಾದಲ್ಲಿ ನನ್ನಂತೆಯೇ ನಾಟಕ ಕಲಿಸುವ ಗೆಳೆಯ ಮುಖಕ್ಕೇ ಹೇಳಿದ: "ಲೇ, ನಿನ್ ಅನ್ನಕ್ಕೆ ನೀನೇ ಕಲ್ಲಾಕ್ಕಂಡ್ಯಲ್ಲೋ! ಮಟ್ಟೆಲ್ಲಾ ಪುಕ್ಸಟ್ಟೆ ಬುಟ್ಬುಟ್ರೆ ನಿನ್ನ ಯಾವನ್ಲಾ ಕರೀತಾನೆ?" ಬಂದದ್ದು ಒಂದೇ ಫೋನು. ಪಾವಗಡದ ಒಬ್ಬ ಹೆಣ್ಣುಮಗಳು, ಯಾರ ಹತ್ತಿರವೋ ನನ್ನ ನಂಬರು ಇಸಿದುಕೊಂಡು, ಹೆಂಗಸರೇ ಸೇರಿ ನಾಟಕ ಆಡುತ್ತೇವೆ, ಬಂದು ಕಲಿಸಿ ಅಂದಳು. ಹೊಟ್ಟೆ ಉರಿಯುತ್ತಿದ್ದ ನಾನು, "ರಾಜನ ಹಾಡು ಹೆಂಗಸರ ಗಂಟಲಿಗೆ ಎಟುಕಲ್ಲ ತಾಯಿ, ಆಗಲ್ಲ" ಅಂತ ಫೋನು ಇಟ್ಟೆ. ನನ್ನ ಸೊಕ್ಕಿಗಿಷ್ಟು ಬೆಂಕಿ ಹಾಕ!

ಕೆಲವು ತಿಂಗಳಾದ ಮೇಲೆ ಆ ಪಾವಗಡದ ಹೆಂಗಸರ ನಾಟಕದ ಪೋಸ್ಟರು ನನ್ನ ಫೋನಿಗೇ ಬಂತು. ಮೇಷ್ಟ್ರ ಹೆಸರು ದಪ್ಪಗೆ ಇರಬೇಕಾದ ಜಾಗದಲ್ಲಿ "ಕಲಿಸಿದವರು: ಮೊಬೈಲ್ ಮೇಷ್ಟ್ರು" ಅಂತಿತ್ತು. ನನಗೆ ಮೈಯೆಲ್ಲ ಉರಿಯಿತು. ಮೊಬೈಲಿನಲ್ಲಿ ಸಿಗುವುದು ನನ್ನ ಟ್ರ್ಯಾಕೇ ತಾನೆ? ಬೆವರು ಸುರಿಸಿ ಕಟ್ಟಿದವನು ನಾನು, ಹೆಸರು ಮೊಬೈಲಿಗೆ! ಆ ನಾಟಕ ನೋಡಿ ಬಂದು ಟ್ರ್ಯಾಕೆಲ್ಲ ಅಳಿಸಿಹಾಕುತ್ತೇನೆ, ನಾನಿನ್ನು ಮೇಷ್ಟ್ರೇ ಅಲ್ಲ ಅಂತ ಶಪಥ ಮಾಡಿದೆ. ಹೆಂಡತಿ ಸೀರೆ ಬದಲಾಯಿಸಿ ತಾನೂ ಹೊರಟಳು. ಮಧುಗಿರಿಯಲ್ಲಿ ಬಸ್ಸು ಬದಲಿಸಿ ಪಾವಗಡ ಸೇರಿದೆವು.

ಹಗಲು ನಾಟಕ. ಕೋಟೆ ಬೆಟ್ಟದ ಕೆಳಗಿನ ಶಾಮಿಯಾನ ಕಿಕ್ಕಿರಿದಿತ್ತು. ಹಿಂದಿನ ಸಾಲಿನಲ್ಲಿ ಕೂತೆವು. ಮೀಸೆ ಅಂಟಿಸಿಕೊಂಡ ಹೆಣ್ಣುಮಗಳೊಬ್ಬಳು ಗದೆ ಹೊತ್ತು ಬಂದು ನನ್ನ ಮಟ್ಟು ಎತ್ತಿಕೊಂಡಳು. ಅಬ್ಬಾ, ಏನು ಕಂಠ! ಎಟುಕಲ್ಲ ಅಂದಿದ್ದ ಸ್ವರವನ್ನು ಆಟವಾಡುತ್ತಾ ಮುಟ್ಟಿದಳು. ಮೂರನೇ ಸಾಲು ಬಂತು. ಸ್ವರ ಹಿಡಿದು ನಿಂತಳು, ಮೀಸೆ ತಿರುವಿದಳು, ಎರಡು ಸಲ ಜೋರಾಗಿ ಕೆಮ್ಮಿ ಗದೆ ನೆಲಕ್ಕೆ ಕುಟ್ಟಿದಳು. ರಾಜನ ಗತ್ತು ಅಂದರೆ ಇದು ಅಂತ ಶಾಮಿಯಾನವೆಲ್ಲ ಶಿಳ್ಳೆ, "ಒನ್ಸ್ ಮೋರ್!"

ತಡೆಯಲಾಗಲಿಲ್ಲ. ಎದ್ದು ನಿಂತು ಕಿರುಚಿದೆ: "ಅದು ಗತ್ತಲ್ಲ ಕಣಮ್ಮಾ, ಮೆಣಸಿನಕಾಯಿ ಘಾಟು!"

ಎಲ್ಲರೂ ತಿರುಗಿದರು. "ಯಾವನ್ಲಾ ಅವ್ನು?" ಅಂದರು ಯಾರೋ. ಹೆಸರು ಹೇಳಿ ಏನು ಉಪಯೋಗ? ಎದೆ ತುಂಬ ಉಸಿರೆಳೆದು, "ಹ್ಞಾ, ಎತ್ಕೊ!" ಅಂದೆ.

ಪರದೆ ಸರಿಸಿಕೊಂಡು ಕಿರೀಟದವರು, ಜಟೆಯವರು, ಅರ್ಧ ಬಣ್ಣ ಬಳಿದವರು ಎಲ್ಲ ಓಡಿಬಂದರು. "ಮೊಬೈಲ್ ಮೇಷ್ಟ್ರು!" ಅಂತ ಕೂಗಿದಳು ರಾಜ. ಆಮೇಲೆ ಮೈಕು ಹಿಡಿದು ಮೆಲ್ಲಗೆ, "ಎಟುಕಲ್ಲ ತಾಯಿ ಅಂದ ದನೀನೂ ಇದೇ ಅಲ್ವಾ ಸಾರ್? ಯಾವ್ ಮೇಷ್ಟ್ರೂ ನಮ್ಗೆ ಕಲ್ಸಾಕೆ ಒಪ್ಲಿಲ್ಲ. ನಿಮ್ ಟ್ರ್ಯಾಕ್ ಮಾತ್ರ ಆಗಲ್ಲ ಅನ್ಲಿಲ್ಲ" ಅಂದಳು.

ನಾಚಿಕೆಯಿಂದ ನೆಲ ನೋಡಿದೆ. "ಹೂಂ ತಾಯಿ, ಅವ್ನೂ ನಾನೇ. ತಪ್ಪಾಯ್ತು."

"ತಪ್ಪಿಗೆ ದಂಡ ಐತೆ. ಬಂದು ಒನ್ಸ್ ಮೋರ್ ಬಾರ್ಸಿ."

ನನ್ನನ್ನು ಎಳೆದೊಯ್ದು ಹಾರ್ಮೋನಿಯಂ ಮುಂದೆ ಕೂರಿಸಿದರು. ನುಡಿಸಿದೆ ನೋಡಿ, ಜನ್ಮದಲ್ಲಿ ಹಾಗೆ ನುಡಿಸಿರಲಿಲ್ಲ. ಮೂರನೇ ಸಾಲಿಗೆ ಸ್ವರ ಒತ್ತಿ ಹಿಡಿದೆ. ರಾಜ ಕೆಮ್ಮಿದಳು, ಹಿಂದೆ ನಿಂತವರೆಲ್ಲ ಕೆಮ್ಮಿದರು, ಇಡೀ ಶಾಮಿಯಾನವೇ ಕೆಮ್ಮಿತು. ಕಣ್ಣಲ್ಲಿ ನೀರು ಬಂತು, ಈ ಸಲ ಯಾವ ಘಾಟೂ ಇರಲಿಲ್ಲ.

ವಾಪಸ್ ಬಸ್ಸಿನಲ್ಲಿ ಫೋನು ತೆಗೆದೆ. "ಅಳಿಸ್ಬುಡ್ತೀರಾ?" ಅಂದಳು ಹೆಂಡತಿ. ನಾನು ಎಲ್ಲ ಟ್ರ್ಯಾಕಿನ ಕೆಳಗೂ ಒಂದೊಂದಾಗಿ ಬರೆದೆ: "ಕಲಿಸುವವರು: ಮೊಬೈಲ್ ಮೇಷ್ಟ್ರು. ಹೆಂಗಸರು ನಾಟಕಕ್ಕೆ ಕರೆದರೆ ಊರಿಗೇ ಬಂದು ಕಲಿಸುತ್ತಾರೆ."

ಅವಳು ಇಣುಕಿ ಓದಿದಳು. "ಎಲ್ಲಾ ಸರಿ, ಮೆಣಸಿನಕಾಯಿ ಹುರಿದೋರ ಹೆಸ್ರೆಲ್ರೀ?"