ಮೊಳೆ ಜೋಡಿಸುವವನ ಮಗಳು

ಅಕ್ಷರದಿಂದಲೇ ಅನ್ನ ಉಣ್ಣುವವನು ನಾನು. ಆದರೂ ಮಗಳಿಗೆ ಅಕ್ಷರ ಕಲಿಸಲು ಹೋಗಿ ಮುಖಭಂಗ ಮಾಡಿಕೊಂಡೆ. ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ನಮ್ಮ ಬೀದಿಗೆಲ್ಲ ಗೊತ್ತಾಗಿದೆ.

ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಲ್ಲಿಂದ ದಿನಾ ಸೈಕಲ್ ತುಳಿದು ಪೇಟೆಯ ಒಂದು ಅಚ್ಚುಕೂಟಕ್ಕೆ ಹೋಗಿ ಸೀಸದ ಮೊಳೆ ಜೋಡಿಸುತ್ತಿದ್ದೆ. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಕಾಗದಕ್ಕೆ ಒತ್ತಿದಾಗಲೇ ನೆಟ್ಟಗಾಗುವುದು. ಹದಿನಾಲ್ಕು ವರ್ಷ ಅದನ್ನೇ ನೋಡಿ ನೋಡಿ, ಅಕ್ಷರ ಯಾವ ಕಡೆ ಮುಖ ಮಾಡಿದ್ದರೂ ನನ್ನ ಕಣ್ಣಿಗೆ ಒಂದೇ ಆಗಿಬಿಟ್ಟಿತ್ತು. ಇದು ನನಗೇ ಗೊತ್ತಿರಲಿಲ್ಲ. ನಮ್ಮ ಕಣ್ಣಿನ ವಿಷಯ ನಮ್ಮ ಕಣ್ಣಿಗೆ ಕಾಣುವುದಾದರೂ ಹೇಗೆ?

ಆ ವರ್ಷ ನನ್ನ ಹೆಂಡತಿ ರುಕ್ಮಿಣಿ ಬಾಣಂತಿ. ಶಾಲೆಗೆ ಸೇರಬೇಕಿದ್ದ ಹಿರಿಮಗಳು ಕಮಲಳಿಗೆ ಬರೆಸುವ ಕೆಲಸ ನನ್ನ ಪಾಲಿಗೆ ಬಂತು. ಸಂಜೆ ಸ್ಲೇಟಿನ ಮೇಲ್ಗಡೆ ನಾನು ಬರೆಯುವುದು, ಕೆಳಗೆ ಅವಳು ಬರೆಯುವುದು. ತಿಂಗಳೊಳಗೆ ತನ್ನ ಹೆಸರು ಬರೆದಳು. ಭೇಷ್ ಎಂದು ಬೆನ್ನು ತಟ್ಟಿದೆ.

ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಸ್ಲೇಟು ಕೊಟ್ಟರು. ಕಮಲ ಬಲಗಡೆಯಿಂದ ಶುರುಮಾಡಿ ಸರಸರನೆ ಹೆಸರು ಬರೆದಳು. ಅವರು ಸ್ಲೇಟನ್ನು ಆ ಕಡೆ ಈ ಕಡೆ ವಾಲಿಸಿ, "ಯಾರಮ್ಮಾ ಹೇಳ್ಕೊಟ್ಟಿದ್ದು?" ಎಂದರು.

"ಅಪ್ಪ."

"ಸರಿಯಾಗೇ ಇದೆಯಲ್ಲ, ಮೇಡಂ," ಎಂದೆ, ಕೊಂಚ ಜಂಬದಿಂದಲೇ.

"ಎಲ್ಲಾ ಉಲ್ಟಾ ಇದೆ ಕಣ್ರೀ! ಹದಿನೈದು ದಿನ ಟೈಮ್ ಕೊಡ್ತೀನಿ, ತಿದ್ದಿ ಕರ್ಕೊಂಡ್ಬನ್ನಿ. ಆಗ್ಲಿಲ್ಲ ಅಂದ್ರೆ ಮುಂದಿನ ವರ್ಷ ನೋಡೋಣ."

ಅವಮಾನವನ್ನು ಮನೆಗೆ ತಂದು ಮಗುವಿನ ಮೇಲೆ ತೀರಿಸಿಕೊಂಡೆ. "ಅಷ್ಟೂ ಗೊತ್ತಾಗಲ್ವೇನೇ ನಿಂಗೆ?"

"ನೀನೇ ಭೇಷ್ ಅಂದ್ಯಲ್ಲ," ಎಂದಳು. ನಾಲ್ಕು ದಿನ ಬಳಪ ಮುಟ್ಟಲಿಲ್ಲ, ನನ್ನ ಹತ್ತಿರವೂ ಸುಳಿಯಲಿಲ್ಲ.

ರುಕ್ಮಿಣಿ ಕೋಣೆಯೊಳಗಿಂದಲೇ ಹೇಳಿದಳು: "ತಪ್ಪು ನಿಮ್ಮ ಕಣ್ಣಿಂದು ರೀ, ಮಗೂದಲ್ಲ. ಬೈಯೋ ಬದ್ಲು ಪ್ರೆಸ್ಸಿಗೆ ಕರ್ಕೊಂಡ್ಹೋಗಿ ತೋರ್ಸಿ."

ಶನಿವಾರ ಸೈಕಲ್ಲಿನ ಬಾರ್ ಮೇಲೆ ಕೂರಿಸಿಕೊಂಡು ಹೋದೆ. ಅವಳ ಹೆಸರಿನ ಮೂರು ಮೊಳೆ ಜೋಡಿಸಿ, ಮಸಿ ಸವರಿ, ಕಾಗದಕ್ಕೆ ಒತ್ತಿದೆ. ಕಮಲ ಮೊಳೆ ನೋಡಿದಳು, ಕಾಗದ ನೋಡಿದಳು, ಮತ್ತೆ ಮೊಳೆ ನೋಡಿದಳು.

"ನಾನು ಬರ್ದಿದ್ದು ಮೊಳೆ ಥರಾನಾ?"

"ಹೂಂ. ತಪ್ಪು ನಂದು ಕಣೇ, ನೀನು ತಿರುಗಿಸಿ ಬರ್ದಿದ್ದು ನಂಗೆ ಗೊತ್ತೇ ಆಗ್ಲಿಲ್ಲ. ನಂಗೆ ಎರಡೂ ಒಂದೇ ಥರ ಕಾಣುತ್ತೆ."

ಅಷ್ಟು ದಿನಗಳ ಮೇಲೆ ನಕ್ಕಳು. "ಅಯ್ಯೋ ಪಾಪ! ಹಾಗಾದ್ರೆ ನಾನು ಕಾಗದದ ಥರ ಬರೀತೀನಿ."

ಆ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ಮನೆಯಲ್ಲಿ ಬರೆದಳು. ಕೂಸನ್ನು ತೊಡೆಯ ಮೇಲಿಟ್ಟುಕೊಂಡೇ ರುಕ್ಮಿಣಿ ತಿದ್ದಿದಳು. ನನ್ನ ಪಾಲಿಗೆ ಉಳಿದದ್ದು ಸ್ಲೇಟು ಒರೆಸುವ ಕೆಲಸ. ಅದನ್ನು ತಪ್ಪಿಲ್ಲದೆ ಮಾಡಿದೆ.

ಹದಿನೈದನೆಯ ದಿನ ಶಾಲೆಯಲ್ಲಿ ಅವಳು ತುಟಿ ಕಚ್ಚಿಕೊಂಡು, ಎಡಗಡೆಯಿಂದ ನಿಧಾನವಾಗಿ ಬರೆದಳು. ಮುಗಿಸಿ ನನ್ನತ್ತ ನೋಡಿದಳು. ಭೇಷ್ ಎನ್ನಲು ತೆರೆದ ಬಾಯಿ ಮುಚ್ಚಿಕೊಂಡು ಹೆಡ್‌ಮಿಸ್ಟ್ರೆಸ್ ಮುಖ ನೋಡಿದೆ. ಅವರು ನಗುತ್ತಿದ್ದರು. ಅದನ್ನು ಓದಲು ಮಾತ್ರ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.