ಲಾರಿಯ ಹಿಂದೆ ಒಂದು ಬೇವಿನ ಟೊಂಗೆ

ನನ್ನಿಂದ ಮೊದಲು ಹೋದದ್ದು ವಾಸನೆ.

ಐಸಿಯುನಲ್ಲಿ ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದಳು. ತಣ್ಣಗಾಯಿತು, ಅಷ್ಟೇ. ನೀರು ಹಚ್ಚುತ್ತಿದ್ದಾಳೆ ಎಂದುಕೊಂಡೆ. ತಲೆಯ ಎಡಭಾಗ ಬೋಳಿಸಿ ಹೊಲಿಗೆ ಹಾಕಿದ್ದರು. ಹೆಗಲಿನ ಮೂಳೆ ಮುರಿದಿತ್ತು. ಇವೆಲ್ಲ ಕಣ್ಣಿಗೆ ಕಾಣುವಂಥವು, ವಾರ್ಡಿಗೆ ಹಾಕಿದ ಮೇಲೆ ಬಂದವರು ನೋಡಿ ಮರುಗಿದರು. ಕೆಲಸ ಮಾಡುವ ಕಂಪನಿಯಿಂದ ದೊಡ್ಡ ಹೂಗುಚ್ಛ ಬಂತು. ಅಪಘಾತವಾದ ಕ್ಯಾಬ್ ನಮ್ಮದಲ್ಲ, ಗುತ್ತಿಗೆದಾರನದು ಎಂಬ ಮಾತೂ ಅದರ ಜೊತೆಗೇ ಬಂತು. ಅಮ್ಮ ಒಂದು ಗುಲಾಬಿ ಕಿತ್ತು ನನ್ನ ಮೂಗಿನ ಹತ್ತಿರ ಹಿಡಿದಳು.

ಆಗ ಗೊತ್ತಾಯಿತು.

ಡಾಕ್ಟರ್ ಅದಕ್ಕೆ ಅನೋಸ್ಮಿಯಾ ಎಂದರು. ತಲೆಗೆ ಪೆಟ್ಟಾದಾಗ ವಾಸನೆಯ ನರಗಳು ಹರಿಯುತ್ತವಂತೆ. ತಿರುಗಿ ಬರಬಹುದು, ಬರದೆಯೂ ಇರಬಹುದು. ಹಾಗೆಂದು ಫೈಲಿನಲ್ಲಿ ಬರೆದರು. ಮನೆಗೆ ಬಂದ ಮೇಲೆ ಚಹಾ ಎಂದರೆ ಬರೀ ಬಿಸಿ, ಸಾರು ಎಂದರೆ ಉಪ್ಪು ಮತ್ತು ಖಾರ. ಗ್ಯಾಸ್ ಸೋರಿದರೆ ನನಗೆ ತಿಳಿಯುವುದಿಲ್ಲವೆಂದು ಅಮ್ಮ ನನ್ನನ್ನು ಅಡುಗೆಮನೆಗೆ ಒಬ್ಬಳನ್ನೇ ಬಿಡುತ್ತಿರಲಿಲ್ಲ. ಸ್ನಾನ ಮಾಡಿದ ಮೇಲೂ ನನಗೆ ನನ್ನ ಮೈ ಬಗ್ಗೆ ಅನುಮಾನ. ಇದನ್ನು ಯಾರಿಗೂ ಹೇಳಲಿಲ್ಲ.

ಅಪಘಾತವಾದದ್ದು ಹೀಗೆ. ಗಚ್ಚಿಬೌಲಿಯ ಆಚೆ ಬಂಡೆಗಳನ್ನು ಒಡೆದು ಆಫೀಸುಗಳನ್ನು ಎಬ್ಬಿಸುತ್ತಿದ್ದಾರೆ, ಜಲ್ಲಿ ಲಾರಿಗಳಿಗೆ ಬಿಡುವಿಲ್ಲ. ರಾತ್ರಿ ಪಾಳಿ ಮುಗಿಸಿ ಮನೆಗೆ ಬರುತ್ತಿದ್ದೆ. ಇನ್ನೂ ಬೆಳಕು ಹರಿದಿರಲಿಲ್ಲ. ಉಳಿದವರು ಇಳಿದುಹೋಗಿ ಕ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ. ಡ್ರೈವರ್ ಮಲ್ಲೇಶ್‌ಗೆ ನಿದ್ದೆ ಹತ್ತಿರ ಬಾರದಂತೆ ಲವಂಗ ಅಗಿಯುವ ಅಭ್ಯಾಸ. ಅಂಗಿಯ ಜೇಬಿನಿಂದ ತೆಗೆದು ಒಂದನ್ನು ಬಾಯಿಗೆ ಹಾಕಿಕೊಂಡ. ಕಾರಿನ ತುಂಬ ಆ ಘಾಟು. ತಿರುವು ದಾಟಿದೆವು. ಎದುರಿಗೆ ಕಪ್ಪು ಗೋಡೆಯಂಥದ್ದು.

ಅದು ಕೆಟ್ಟು ನಿಂತ ಲಾರಿ. ಹಿಂದೆ ದೀಪವಿರಲಿಲ್ಲ. ಮಲ್ಲೇಶ್ ಅಲ್ಲೇ ತೀರಿಕೊಂಡ.

ಅವನ ಹೆಂಡತಿ ಸುಜಾತ ಮತ್ತು ನಾನು ಇಬ್ಬರೂ ಅಪಘಾತ ಪರಿಹಾರದ ಟ್ರಿಬ್ಯುನಲ್‌ಗೆ ಹೋದೆವು. ನಮ್ಮಿಬ್ಬರಿಗೂ ಒಬ್ಬರೇ ವಕೀಲರು, ಅಬಿಡ್ಸ್‌ನಲ್ಲಿ ಆಫೀಸು ಇಟ್ಟುಕೊಂಡಿರುವ ಗುಲ್ಬರ್ಗದ ಕುಲಕರ್ಣಿಯವರು. ಲೆಕ್ಕ ಸರಳವಾಗಿದೆ ಎಂದು ಅವರು ವಿವರಿಸಿದರು. ನಾನು ಪ್ರಯಾಣಿಕಳು, ತಪ್ಪು ಲಾರಿಯದಾದರೂ ಕ್ಯಾಬ್‌ನದಾದರೂ ನನಗೆ ಪರಿಹಾರ ಬರುತ್ತದೆ. ಸುಜಾತಳದು ಹಾಗಲ್ಲ. ಮಲ್ಲೇಶ್ ನಿದ್ದೆಗೆ ಜಾರಿ ಗುದ್ದಿದ ಎಂದಾದರೆ ಅವಳಿಗೆ ಏನೂ ಇಲ್ಲ. ತನ್ನ ಸಾವಿಗೆ ತಾನೇ ಕಾರಣನಾದವನ ಹೆಂಡತಿ ಅವಳು.

ಆಮೇಲೆ ಅವರು ಪೊಲೀಸರು ತೆಗೆದ ಫೋಟೋ ಮೇಜಿನ ಮೇಲಿಟ್ಟರು. ಲಾರಿಯ ಹಿಂದೆ ಸ್ವಲ್ಪ ದೂರದಲ್ಲಿ ಸಾಲಾಗಿ ಕಲ್ಲು, ನಡುವೆ ನಿಲ್ಲಿಸಿದ ಬೇವಿನ ಟೊಂಗೆ. ಗಾಡಿ ಕೆಟ್ಟು ನಿಂತಾಗ ಡ್ರೈವರುಗಳು ಮಾಡುವುದೇ ಹಾಗೆ. ಇಷ್ಟು ಎಚ್ಚರಿಕೆ ಇಟ್ಟಿದ್ದರೂ ಬಂದು ಗುದ್ದಿದನೆಂದರೆ ಮಲ್ಲೇಶ್ ಮಲಗಿದ್ದ ಎಂಬುದು ಲಾರಿ ಕಡೆಯವರ ವಾದ.

ನನ್ನ ಜೊತೆ ಬಂದಿದ್ದ ಅಪ್ಪ ಫೋಟೋವನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದರು.

"ಈ ಟೊಂಗಿ ನಾ ಇಟ್ಟಿದ್ದರಿ."

ಅಪಘಾತವಾದ ದಿನ ಬೆಳಿಗ್ಗೆ ಐಸಿಯು ಒಳಗೆ ಯಾರನ್ನೂ ಬಿಟ್ಟಿರಲಿಲ್ಲ. ನನ್ನ ಬ್ಯಾಗ್ ಹುಡುಕಲು ಅಪ್ಪ ಆ ಜಾಗಕ್ಕೆ ಹೋಗಿದ್ದರು. ಕ್ಯಾಬನ್ನು ಎಳೆದು ಬದಿಗೆ ಹಾಕಿದ್ದರು. ಲಾರಿ ಮಾತ್ರ ಹಾಗೇ ನಿಂತಿತ್ತು, ಹಿಂದೆ ಏನೂ ಇಲ್ಲದೆ, ಗಾಡಿಗಳು ಅದನ್ನು ಸವರಿಕೊಂಡೇ ಹೋಗುತ್ತಿದ್ದವು. ಅಪ್ಪ ಬೀದರಿನ ಕಡೆಯವರು, ಇಲ್ಲಿಯ ರಕ್ಷಣಾ ಕಾರ್ಖಾನೆಯಲ್ಲಿ ಕೆಲಸ ಮಾಡಿ ಕೂದಲು ಬೆಳ್ಳಗಾದವರು. ಕೆಟ್ಟ ಯಂತ್ರದ ಸುತ್ತ ಹಗ್ಗ ಕಟ್ಟದೆ ಮುಂದೆ ಹೋಗುವವರಲ್ಲ. ಬೇವಿನ ಮರದಿಂದ ಟೊಂಗೆ ಮುರಿದರು, ಕಲ್ಲು ಹೊತ್ತು ತಂದರು, ಆಸ್ಪತ್ರೆಗೆ ಮರಳಿದರು. ಹೇಳುವಂಥ ವಿಷಯವೆಂದು ಅವರಿಗೆ ಅನಿಸಿರಲಿಲ್ಲ. ಪೊಲೀಸರ ಫೋಟೋ ಅದಾದ ಮೇಲಿನದು.

ಕುಲಕರ್ಣಿಯವರು ಪೆನ್ನು ಮುಚ್ಚಿದರು. "ಇದನ್ನ ಹೊರಗ ಹೇಳಬ್ಯಾಡ್ರಿ. ನಿಮ್ಮ ಮಗಳಿಗೆ ಬರೋದು ಹ್ಯಾಂಗೂ ಬರ್ತದ. ಈಗ ಹೇಳಿದರ ಕಥಿ ಕಟ್ಟ್ಯಾನ ಅಂತಾರ, ಸುಜಾತಾನ ಕೇಸೂ ಕೆಡ್ತದ."

"ಆಕಿ ಗಂಡನ ಮ್ಯಾಲೆ ನಾನಽ ಕಲ್ಲು ಹೇರಿದಂಗ ಆತಲ್ರಿ," ಎಂದರು ಅಪ್ಪ. "ಹೇಳತೀನಿ."

ಮನೆಯಲ್ಲಿ ಅಮ್ಮ ಅಂದದ್ದು ಬೇರೆ. "ಮಗಳು ಸಾಯಾಕ ಬಿದ್ದಿದ್ಳು. ಇವರು ಊರ ಮಂದಿಗೆ ದಾರಿ ಕಾಯಾಕ ಹೋಗಿದ್ರು." ಆಮೇಲೆ ಅವರ ತಟ್ಟೆಗೆ ರೊಟ್ಟಿ ಹಾಕುವಾಗ ಅಮ್ಮ ಮಾತಾಡುವುದನ್ನೇ ಬಿಟ್ಟಳು. ನನಗೂ ಸಿಟ್ಟು ಬಂದಿತ್ತು. ಅಪ್ಪನ ಮೇಲೋ ಫೋಟೋದ ಮೇಲೋ ಹೇಳಲಾರೆ. ಒಳ್ಳೆಯದೊಂದನ್ನು ಮಾಡಿಬಂದವರು ತಪ್ಪಿತಸ್ಥರಂತೆ ತಲೆ ತಗ್ಗಿಸಿ ಊಟ ಮಾಡುವುದನ್ನು ನೋಡಬೇಕಾಗಿ ಬಂದದ್ದಕ್ಕೆ ಇರಬೇಕು.

ಟ್ರಿಬ್ಯುನಲ್‌ನಲ್ಲಿ ಮೊದಲು ನನ್ನ ಸರದಿ. ಮಲ್ಲೇಶ್ ಎಚ್ಚರವಿದ್ದ, ಲವಂಗ ಬಾಯಿಗೆ ಹಾಕಿಕೊಂಡದ್ದನ್ನು ನೋಡಿದೆ, ಅದರ ವಾಸನೆ ಬಂತು, ರಸ್ತೆಯಲ್ಲಿ ಟೊಂಗೆ ಇರಲಿಲ್ಲ ಎಂದೆ. ಲಾರಿ ಕಡೆಯ ವಕೀಲರು ನನ್ನ ಫೈಲು ತೆರೆದರು. ನಿಮಗೆ ವಾಸನೆಯೇ ತಿಳಿಯುವುದಿಲ್ಲ ಎಂದು ಇಲ್ಲಿ ಬರೆದಿದೆಯಲ್ಲ, ಎಂದು ಕೇಳಿದರು. ಅದು ಅಪಘಾತದ ನಂತರ ಎಂದೆ. ತಲೆಗೆ ಪೆಟ್ಟಾದವರಿಗೆ ಮೊದಲು ಯಾವುದು, ನಂತರ ಯಾವುದು ಎಂಬ ನೆನಪು ಅಷ್ಟು ಸ್ಪಷ್ಟವಾಗಿ ಇರುತ್ತದೆಯೇ ಎಂದರು. ಹಿಂದೆ ಕುಳಿತ ಯಾರೋ ನಕ್ಕರು.

ನನ್ನ ಗಾಯವೇ ನನ್ನ ವಿರುದ್ಧ ಸಾಕ್ಷಿಯಾಗಿತ್ತು.

ಆಮೇಲೆ ಅಪ್ಪ. ಅಮ್ಮ ಮನೆಯಲ್ಲಿ ಆಡಿದ್ದನ್ನೇ ಆ ವಕೀಲರು ಹಿಂದಿಯಲ್ಲಿ, ಬಲು ವಿನಯದಿಂದ ಕೇಳಿದರು. ಮಗಳು ಐಸಿಯುನಲ್ಲಿರುವಾಗ ತಂದೆಯಾದವನು ರಸ್ತೆಯಲ್ಲಿ ಟೊಂಗೆ ಇಡುತ್ತ ನಿಂತಿದ್ದನೆಂದರೆ ನಾವು ನಂಬಬೇಕೆ? ಅಪ್ಪ ಹಿಂದಿಯಲ್ಲೇ ಶುರು ಮಾಡಿದರು. ನಡುವೆ ನಿಂತರು. ಮುಂದಿನದು ಕನ್ನಡದಲ್ಲಿ ಬಂತು.

"ಇನ್ನೊಬ್ಬರ ಮಗಳು ಬಂದು ಬಡೀಬಾರದು ಅಂತ ಇಟ್ಟೆರಿ."

ಕುಲಕರ್ಣಿಯವರು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಾಗ ಅವರ ದನಿ ತಗ್ಗಿತ್ತು. ಅಮ್ಮ ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತಿದ್ದಳು. ಅವತ್ತು ರಾತ್ರಿ ಅಪ್ಪನಿಗೆ, ಇನ್ನೊಂದು ರೊಟ್ಟಿ ಹಾಕಲೇನು, ಎಂದು ಕೇಳಿದಳು.

ತೀರ್ಪಿನಲ್ಲಿ ನನ್ನ ನೆನಪನ್ನು ನಂಬಲಿಲ್ಲ. ಅಪ್ಪನನ್ನೂ ನಂಬಲಿಲ್ಲ, ಅವರು ಗಾಯಾಳುವಿನ ತಂದೆ. ಆದರೆ ಟೊಂಗೆ ಇತ್ತೆಂದೇ ಇಟ್ಟುಕೊಂಡರೂ ಕತ್ತಲಲ್ಲಿ ಟೊಂಗೆ ದೀಪದ ಕೆಲಸ ಮಾಡುವುದಿಲ್ಲ, ಆದ್ದರಿಂದ ಲಾರಿಯದು ಅರ್ಧ ತಪ್ಪು, ಎದುರಿಗಿದ್ದುದನ್ನು ಗಮನಿಸದ ಕ್ಯಾಬ್ ಚಾಲಕನದು ಅರ್ಧ ಎಂದರು. ಅಪ್ಪ ಅಷ್ಟು ಅವಮಾನ ಪಟ್ಟು ಹೇಳಿದ ಮಾತು ಲೆಕ್ಕಕ್ಕೇ ಬರಲಿಲ್ಲ. ಸುಜಾತಳಿಗೆ ಅರ್ಧ ಸಿಕ್ಕಿತು. ಇನ್ನರ್ಧ ಮಲ್ಲೇಶನ ಮೇಲೆ ಉಳಿಯಿತು, ಇನ್ನು ಅದನ್ನು ತೆಗೆಯುವವರಿಲ್ಲ.

ಹೊರಗೆ ಸುಜಾತ ನನ್ನನ್ನು ಪಕ್ಕಕ್ಕೆ ಕರೆದು ತೆಲುಗಿನಲ್ಲಿ ಮೆಲ್ಲಗೆ ಕೇಳಿದಳು. ನಿಜ ಹೇಳಿ ಮೇಡಂ, ಅವರು ಮಲಗಿರಲಿಲ್ಲ ಅಲ್ಲವಾ?

ಅರ್ಧ ತಪ್ಪು ಅವಳೊಳಗೂ ಸೇರಿಕೊಂಡಿತ್ತು.

ಇಲ್ಲ, ಲವಂಗ ಹಾಕಿಕೊಂಡರು, ನಾನು ನೋಡಿದೆ ಎಂದೆ. ಅವಳು ತಲೆಯಾಡಿಸಿದಳು. ನನ್ನ ಮಸಾಲೆ ಡಬ್ಬಿಯಿಂದಲೇ ದಿನಾ ಕದ್ದು ಒಯ್ಯುತ್ತಿದ್ದರು, ಬೈಯುತ್ತಿದ್ದೆ ಎಂದಳು. ಮೆಹದಿಪಟ್ಟಣಂ ಬಸ್ಸು ಬಂತು. ಹತ್ತಿ ಹೋದಳು.

ಮನೆಗೆ ಬಂದು ಅಡುಗೆಮನೆಗೆ ಹೋದೆ. ಅಮ್ಮ ತಡೆಯಲಿಲ್ಲ. ಒಂದು ಲವಂಗ ಬಾಯಿಗೆ ಹಾಕಿಕೊಂಡು ಅಗಿದೆ. ವಾಸನೆಯಿಲ್ಲ. ನಾಲಿಗೆ ಉರಿಯಿತು, ಆಮೇಲೆ ಜೋಮು ಹಿಡಿಯಿತು.

ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಏನರ ತಿಳೀತೇನವ್ವಾ?"

"ಉರಿ ತಿಳೀತು."

"ಅಷ್ಟರ ತಿಳೀತಲ್ಲ," ಎಂದರು.